ಕೈ ಕೊಡುವುದಲ್ಲ, ಕೈ ಜೋಡಿಸುವುದು

ಇಂಗ್ಲಿಷಿನ 'ಲೆಂಡ್ ಎ ಹ್ಯಾಂಡ್' ಎಂದರೆ ನೆರವಾಗು ಎಂದರ್ಥ. ಅದನ್ನೇ 'ಕೈ ಕೊಡು' ಎಂದು ಕನ್ನಡಿಸಿದರೆ ಅರ್ಥವೇ ತಲೆಕೆಳಗು! ಹಿಂದೂಪುರ, ಕಲ್ಯಾಣದುರ್ಗದ ಸೀಮೆಯಲ್ಲಿ ಮಳೆ ಕೈ ಕೊಟ್ಟರೆ ಕಡಲೆಕಾಯಿ ಬೆಳೆ ಹೋದಂತೆಯೇ. ತೆಲುಗಿನವರು 'ಹ್ಯಾಂಡ್ ಇಚ್ಚಾಡು' ಎನ್ನುವುದೂ ನಡುನೀರಿನಲ್ಲಿ ಬಿಟ್ಟುಹೋದವನನ್ನೇ. ನೆರವಿಗೆ ನಮ್ಮ ಮಾತು 'ಕೈ ಜೋಡಿಸು'. ಅದಕ್ಕೆ ಇಬ್ಬರ ಕೈಯೂ ಬೇಕು.

ಈ ಬರದ ನಾಡಿಗೆ 1969ರಲ್ಲಿ ಸ್ಪೇನ್ ಮೂಲದ ವಿನ್ಸೆಂಟ್ ಫೆರರ್ ಬಂದರು. ಮಹಾರಾಷ್ಟ್ರದ ಮನ್ಮಾಡದಲ್ಲಿ ರೈತರ ಜೊತೆಗೂಡಿ ಬಾವಿ ತೋಡಿಸಿದ್ದ ಈ ಯೇಸುಸಭೆಯ ಗುರು ವಿರೋಧ ಎದುರಿಸಿ, 1968ರಲ್ಲಿ ದೇಶವನ್ನೇ ಬಿಡಬೇಕಾಗಿತ್ತು. ಮರಳಿ ಬಂದವರು ಅನಂತಪುರದಲ್ಲಿ ಆರ್‌ಡಿಟಿ ಸಂಸ್ಥೆ ಕಟ್ಟಿದರು. 1970ರಲ್ಲಿ ಯೇಸುಸಭೆಯನ್ನು ತೊರೆದರು. ಅನಂತಪುರವನ್ನು ಮಾತ್ರ ತೊರೆಯಲಿಲ್ಲ. 2009ರಲ್ಲಿ ಅಲ್ಲೇ ತೀರಿಕೊಂಡರು. ಕಲ್ಯಾಣದುರ್ಗದಲ್ಲಿ ಅವರ ಸಂಸ್ಥೆಯ ಆಸ್ಪತ್ರೆಯಿದೆ.