ಕ್ರಿಸ್ತಜಯಂತಿಯ ಗೀತೆಗಳು

ಯೇಸುಕ್ರಿಸ್ತನ ಜನನವನ್ನು ಕೊಂಡಾಡಿ ಡಿಸೆಂಬರ್ ತಿಂಗಳಿನಲ್ಲಿ ದೇವಾಲಯದಲ್ಲಿಯೂ ಬೀದಿಯಲ್ಲಿಯೂ ಹಾಡುವ, ಹಬ್ಬದ ಬಿಡುವಿನಲ್ಲಿ ಮನೆಮಂದಿಯೆಲ್ಲ ಕುಳಿತು ಕೇಳುವ ಹಾಡುಗಳಿಗೆ ಕ್ರಿಸ್ತಜಯಂತಿಯ ಗೀತೆಗಳೆಂದು ಹೆಸರು. ಬಳಕೆಯ ಮಾತಿನಲ್ಲಿ ಇವು ಕ್ರಿಸ್ಮಸ್ ಹಾಡುಗಳು. ತಂಡ ಕಟ್ಟಿಕೊಂಡು ರಾತ್ರಿ ಮನೆಮನೆಗೆ ಹೋಗಿ ಹಾಡುವುದು ಕ್ಯಾರಲ್ಸ್. ಪಾಶ್ಚಾತ್ಯ ದೇಶಗಳಲ್ಲಿ ಹುಟ್ಟಿದ ಧಾಟಿಗಳು ಕನ್ನಡದ ನಾಲಗೆಗೆ ಒಗ್ಗಿದ ಬಗೆಯೇ ನಮ್ಮ ನಾಡಿನಲ್ಲಿ ಈ ಗೀತೆಗಳ ಇತಿಹಾಸದ ಸಾರಭಾಗವಾಗಿದೆ.

ನಂದಿಬೆಟ್ಟದ ತಪ್ಪಲಿನ ನಮ್ಮ ಚಿಕ್ಕಬಳ್ಳಾಪುರ ಸೀಮೆಗೆ ಕ್ರೈಸ್ತಧರ್ಮದ ಪರಿಚಯ ಹಳೆಯದು. 18ನೆಯ ಶತಮಾನದ ಆದಿಯಲ್ಲಿ ಕರ್ನಾಟಿಕ್ ಮಿಷನ್ನಿನ ಫ್ರೆಂಚ್ ಜೆಸ್ಯೂಟ್ ಪಾದ್ರಿಗಳು ತಮ್ಮ ಪತ್ರಗಳಲ್ಲಿ ಈ ಊರನ್ನು ತೆಲುಗಿನ ರೂಢಿಯಂತೆ ಚಿನ್ನಬಳ್ಳಾಪುರವೆಂದೇ ಕರೆದಿದ್ದಾರೆ. ಮುಂದೆ ಲಂಡನ್ ಮಿಷನ್ನಿನವರು ಇಲ್ಲಿ ನೆಲೆಯೂರಿ, ತಮ್ಮ ಸಂಸ್ಥೆಯ ಕಾರ್ಯದರ್ಶಿಯಾಗಿದ್ದ ವಾರ್ಡ್‌ಲಾ ಥಾಮ್ಸನ್ನನ ಸ್ಮರಣಾರ್ಥವಾಗಿ ಆಸ್ಪತ್ರೆಯೊಂದನ್ನು ಕಟ್ಟಿದರು. ಊರಿನವರಿಗೆ ಅದು ಮಿಷನ್ ಆಸ್ಪತ್ರೆ. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಲಂಡನ್ ಮಿಷನ್ನಿನ ಸಭೆಗಳು ಅದರಲ್ಲಿ ಸೇರಿದವು. ಕಥೋಲಿಕರ ದೇವಾಲಯಗಳಲ್ಲಿಯಾದರೋ ಬಲಿಪೂಜೆಯ ಭಾಷೆ ಲ್ಯಾಟಿನ್ ಆಗಿಯೇ ಉಳಿದು, 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯವೇ ಪೂಜಾವಿಧಿಯಲ್ಲಿ ಕನ್ನಡಕ್ಕೆ ಪೂರ್ಣ ಸ್ಥಾನ ದೊರಕಿತು.

ಕನ್ನಡದಲ್ಲಿ ಕ್ರೈಸ್ತ ಪದ್ಯದ ಮೊದಲ ದೊಡ್ಡ ಸಾಹಸ ಫರ್ಡಿನಂಡ್ ಕಿಟೆಲ್ಲನದು. 1894ರ ನಿಘಂಟಿನಿಂದ ಮನೆಮಾತಾದ ಈ ವಿದ್ವಾಂಸನು ಅದಕ್ಕೆ ಮೂರು ದಶಕಗಳ ಹಿಂದೆಯೇ, 1862ರಲ್ಲಿ, ಯೇಸುವಿನ ಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳುವ ‘ಕಥಾಮಾಲೆ’ಯನ್ನು ರಚಿಸಿದನು. ಪರದೇಶದ ಧರ್ಮಕಥೆಯು ಕನ್ನಡಿಗರ ಹೃದಯವನ್ನು ಹೊಗಬೇಕಾದರೆ ಕನ್ನಡದ ನಡೆಯಲ್ಲಿಯೇ ನಡೆದು ಬರಬೇಕೆಂಬ ಸತ್ಯವನ್ನು ಅವನು ಕಂಡಿದ್ದನು. ಸಭೆಗಳಲ್ಲಿ ಬಳಕೆಗೆ ಬಂದ ಗೀತೆಗಳ ದೊಡ್ಡ ಭಾಗವಾದರೋ ಜರ್ಮನ್ ಮತ್ತು ಇಂಗ್ಲಿಷ್ ಧಾಟಿಗಳಿಗೆ ಕನ್ನಡ ಪದಗಳನ್ನು ಹೊಂದಿಸಿದ ಅನುವಾದಗಳೇ ಆದುವು.

ಈ ಹೊಂದಿಸುವಿಕೆಯ ಕಷ್ಟವನ್ನು ಹಾಡುವವರೇ ಬಲ್ಲರು. ಇಂಗ್ಲಿಷ್ ಸ್ತೋತ್ರದ ಸಾಲು ಬಹುಸಲ ತಾಳದ ಪೆಟ್ಟು ಬೀಳುವ ಮುನ್ನವೇ ಒಂದು ಹಗುರವಾದ ಅಕ್ಷರದಿಂದ ತೊಡಗುತ್ತದೆ. ಕನ್ನಡದ ಪದವಾದರೋ ತನ್ನ ಮೊದಲ ಅಕ್ಷರದ ಮೇಲೆಯೇ ಊರಿಕೊಂಡು ನಿಲ್ಲುವಂಥದು. ಇಂಥ ಧಾಟಿಗೆ ಕನ್ನಡವನ್ನು ಕೂರಿಸಿದಾಗ ಪದದ ಮೊದಲ ಅಕ್ಷರ ತಾಳದಿಂದ ಹೊರಗುಳಿದು, ಎರಡನೆಯ ಅಕ್ಷರಕ್ಕೆ ಇಲ್ಲದ ಒತ್ತು ಬಿದ್ದು, ಲಘು ಎಳೆದು ಗುರುವಾಗಿ, ಅರ್ಥವೇ ಮಸುಳುತ್ತದೆ. ಹೊಸಗನ್ನಡ ಕವಿಗಳು ಇದಕ್ಕೆ ಕಂಡುಕೊಂಡ ಉಪಾಯವೇ, ಸಾಲಿನ ಆದಿಯಲ್ಲಿ ಗಣದ ಲೆಕ್ಕಕ್ಕೆ ಹೊರಗಾಗಿ ನಿಲ್ಲುವ, ಪದ್ಮಗಣವೆಂದು ಹೆಸರಾದ ಅಕ್ಷರಗಳು. 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಸಾಧಿಸಿದ ಲಯಗಳನ್ನು ಮೆಚ್ಚುವ ನಾವು, ಅದೇ ತೊಡಕಿನೊಡನೆ ಅವರಿಗಿಂತ ಮುಂಚೆಯೇ ಹೆಣಗಿದ ಅನಾಮಧೇಯ ಉಪದೇಶಿಗಳನ್ನೂ ಉಪಾಧ್ಯಾಯರನ್ನೂ ನೆನೆಯಬೇಕಾದುದು ನ್ಯಾಯ.

ಯಾವ ಗೀತೆಗಳು ನಮ್ಮಲ್ಲಿ ಹೆಚ್ಚು ಪ್ರಿಯವಾದುವೆಂಬುದನ್ನು ಈ ಬೆಳಕಿನಲ್ಲಿ ನೋಡಬೇಕು. ಸಾಲ್ಸ್‌ಬರ್ಗಿನ ಸಮೀಪದ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನ ದೇವಾಲಯದಲ್ಲಿ 1818ರ ಡಿಸೆಂಬರ್ 24ರ ರಾತ್ರಿ, ಯೋಸೆಫ್ ಮೋರ್ ಎಂಬ ಪಾದ್ರಿಯ ಪದ್ಯಕ್ಕೆ ಶಾಲಾ ಉಪಾಧ್ಯಾಯನಾದ ಫ್ರಾನ್ಸ್ ಗ್ರೂಬರ್ ಸ್ವರ ಹಾಕಿ, ಗಿಟಾರಿನ ಶ್ರುತಿಯಲ್ಲಿ ಮೊದಲು ಹಾಡಿದ ‘ಸೈಲೆಂಟ್ ನೈಟ್’ ಗೀತೆಯು ತಾಳದ ಪೆಟ್ಟಿನೊಡನೆಯೇ ತೊಡಗಿ, ಮೂರು ಮೂರು ಮಾತ್ರೆಗಳಲ್ಲಿ ತೂಗುತ್ತ ಸಾಗುತ್ತದೆ. ತೊಟ್ಟಿಲು ತೂಗುವ ಕೈಯ ಲಯವೇ ಅದು; ಜೋಗುಳ ಕೇಳಿ ಬೆಳೆದ ಕಿವಿಗೆ ಅದನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ. ಐಸಾಕ್ ವಾಟ್ಸನು 98ನೆಯ ಕೀರ್ತನೆಯನ್ನು ಆಧರಿಸಿ 1719ರಲ್ಲಿ ಪ್ರಕಟಿಸಿದ ‘ಜಾಯ್ ಟು ದ ವರ್ಲ್ಡ್’ ಗೀತೆಯದು ಇನ್ನೂ ವಿಸ್ಮಯಕರವಾದ ಹೊಂದಿಕೆ. ಇದರ ಧಾಟಿಯ ಮೊದಲ ಸಾಲು ಮೇಲಿನ ಷಡ್ಜದಿಂದ ಹೊರಟು ನಿ ದ ಪ ಮ ಗ ರಿ ಎಂದು ಒಂದೊಂದೇ ಮೆಟ್ಟಿಲಿಳಿದು ಕೆಳಗಿನ ಷಡ್ಜದಲ್ಲಿ ನಿಲ್ಲುತ್ತದೆ. ಹಾರ್ಮೋನಿಯಮ್ಮಿನ ಮುಂದೆ ಕುಳಿತ ಯಾರೇ ಆಗಲಿ ಇದನ್ನು ಶಂಕರಾಭರಣದ ಅವರೋಹಣವೆಂದು ಗುರುತಿಸಬಲ್ಲರು. ಮುತ್ತುಸ್ವಾಮಿ ದೀಕ್ಷಿತರು ಐರೋಪ್ಯ ವಾದ್ಯಗೋಷ್ಠಿಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ಅಳವಡಿಸಿ ನೋಟುಸ್ವರಗಳನ್ನು ಮಾಡಿದುದೂ ಇದೇ ರಾಗದ ಸೇತುವೆಯ ಮೇಲೆಯೇ. ಚಾರ್ಲ್ಸ್ ವೆಸ್ಲಿಯ 1739ರ ‘ಹಾರ್ಕ್ ದ ಹೆರಾಲ್ಡ್ ಏಂಜೆಲ್ಸ್ ಸಿಂಗ್’ ಸ್ತೋತ್ರವು ಮೆಂಡೆಲ್‌ಸನ್ನನ ಸಂಗೀತದೊಡನೆ ಕೂಡಿ ಲೋಕವನ್ನೆಲ್ಲ ಸುತ್ತಿದುದು 19ನೆಯ ಶತಮಾನದ ನಡುವಿನಿಂದೀಚೆಗೆ.

ಧ್ವನಿಮುದ್ರಿಕೆ, ರೇಡಿಯೊ, ಕ್ಯಾಸೆಟ್ಟುಗಳ ಮೂಲಕ ಬಂದ ಹಾಡುಗಳು ಬೇರೆ ಜಾತಿಯವು. 1857ರ ‘ಜಿಂಗಲ್ ಬೆಲ್ಸ್’ನಲ್ಲಿ ಯೇಸುವಿನ ಹೆಸರೇ ಇಲ್ಲ, ಅರ್ವಿಂಗ್ ಬರ್ಲಿನ್ ರಚಿಸಿ ಬಿಂಗ್ ಕ್ರಾಸ್ಬಿ 1942ರಲ್ಲಿ ಮುದ್ರಿಸಿದ ‘ವೈಟ್ ಕ್ರಿಸ್ಮಸ್’ ಹಿಮದ ಹಂಬಲದ ಹಾಡು. ಇವನ್ನು ಮಕ್ಕಳು ಸಂತೋಷದಿಂದ ಕೇಳುತ್ತಾರೆ, ಕೇಳಲಿ. ಆದರೆ ಅವು ಹಬ್ಬದ ಹೊರಾಂಗಣದಲ್ಲಿ ನಿಲ್ಲುವಂಥವು.

ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರುಗಳಲ್ಲಿ ಕನ್ನಡದೊಡನೆ ತೆಲುಗೂ ಮನೆಯ ಮಾತು. ಚಿಂತಾಮಣಿಯ ಬಳಿಯ ಕೈವಾರದ ನಾರೇಯಣ ಯತಿಗಳ ತತ್ತ್ವಪದಗಳು ಎರಡೂ ಭಾಷೆಗಳಲ್ಲಿ ಉಂಟು. ತಾಳ ಹಿಡಿದು, ಒಬ್ಬನು ಪಲ್ಲವಿ ಎತ್ತಿಕೊಟ್ಟು ಉಳಿದವರು ಹಿಂದಿನಿಂದ ಹಾಡುವ ಭಜನೆಯ ಪದ್ಧತಿ ಇಲ್ಲಿ ಯಾವ ಒಂದು ಮತದ ಸ್ವತ್ತೂ ಅಲ್ಲ. ತೆಲುಗು ಕ್ರೈಸ್ತರಲ್ಲಿ ಪುರುಷೋತ್ತಮ ಚೌಧರಿಯೇ ಮೊದಲಾದವರು 19ನೆಯ ಶತಮಾನದಲ್ಲಿಯೇ ಪಲ್ಲವಿ, ಚರಣಗಳ ಕೀರ್ತನೆಯ ರೂಪವನ್ನು ಕೈಗೊಂಡಿದ್ದರು. ಇಂಥ ಕೀರ್ತನೆಗೆ ನಮ್ಮ ಸೀಮೆಯ ಕಿವಿ ಮೊದಲೇ ಹದಗೊಂಡಿತ್ತು. ಅವರೆಕಾಯಿಯ ಸೊಗಡು ಸಂತೆಯನ್ನೆಲ್ಲ ತುಂಬುವ ಡಿಸೆಂಬರ್ ತಿಂಗಳಿನಲ್ಲಿ, ಧನುರ್ಮಾಸದ ಭಜನೆ ಬೆಳಗಿನ ಜಾವದ ಚಳಿಯಲ್ಲಿ ಸಾಗಿದರೆ, ಕ್ಯಾರಲ್ಸಿನ ತಂಡ ರಾತ್ರಿಯ ಚಳಿಯಲ್ಲಿ ಹೊರಡುತ್ತದೆ. ಹೊಸಲಿನ ಮೇಲೆ ನಕ್ಷತ್ರದ ದೀಪ, ಮೂಲೆಯಲ್ಲಿ ಗೋದಲಿ, ಹಾಡು ಮುಗಿದ ಮೇಲೆ ಬಿಸಿ ಕಾಫಿ, ತಟ್ಟೆಯಲ್ಲಿ ಕೇಕಿನ ಪಕ್ಕದಲ್ಲಿಯೇ ಕಜ್ಜಾಯ: ಧಾಟಿಗಳಂತೆಯೇ ತಿಂಡಿಗಳೂ ಇಲ್ಲಿ ಒಂದೇ ಪಂಕ್ತಿಗೆ ಬಂದಿವೆ.

ಗೀತಪುಸ್ತಕಗಳು ಪದಗಳನ್ನು ಉಳಿಸಿಕೊಳ್ಳುತ್ತವೆ. ರಾಗವೂ ತಾಳವೂ ಹಾಡುವವರ ನೆನಪಿನಲ್ಲಿ ಮಾತ್ರ ಉಳಿದಿರುತ್ತವೆ. ಮನೆಯಲ್ಲಿ ಹಳೆಯ ಕ್ರಿಸ್ಮಸ್ ಕೀರ್ತನೆ ಬಲ್ಲ ಅಜ್ಜಿಯರಿರುವವರು ಬರುವ ಹಬ್ಬಕ್ಕೆ ಮುನ್ನ ಅವರನ್ನು ಕೂರಿಸಿಕೊಂಡು, ಹಾಡಿಸಿ, ಸ್ವರಸಹಿತವಾಗಿ ಬರೆದಿಟ್ಟುಕೊಳ್ಳಬೇಕು.