ಸರಪಳಿಯ ತೂಕ, ಡಿಸ್ಕಿನ ಸುತ್ತು: ಡಿಸ್ಕ್ ಗಾಲ್ಫ್ ಗುರಿಬುಟ್ಟಿಯ ವಿನ್ಯಾಸ ಕುರಿತು

ಡಿಸ್ಕ್ ಗಾಲ್ಫ್ ಎಂಬುದು ಕೋಲು-ಚೆಂಡುಗಳಿಲ್ಲದೆ, ಕೈಯಿಂದ ಎಸೆದ ಪ್ಲಾಸ್ಟಿಕ್ ಡಿಸ್ಕನ್ನು ಆದಷ್ಟು ಕಡಿಮೆ ಎಸೆತಗಳಲ್ಲಿ ಗುರಿ ಸೇರಿಸುವ ಆಟವಾಗಿದ್ದು, ಇಲ್ಲಿ ನೆಲದ ಕುಳಿಯ ಸ್ಥಾನವನ್ನು ಕಂಬ, ಕಂಬದ ತಲೆಯಿಂದ ಇಳಿಬಿದ್ದ ಸರಪಳಿಗಳು ಮತ್ತು ಅವುಗಳ ಕೆಳಗಿನ ಲೋಹದ ಬುಟ್ಟಿ ಸೇರಿ ತುಂಬುತ್ತವೆ. ಗಾಲ್ಫಿನ ಕುಳಿ ಚೆಂಡನ್ನು ಗುರುತ್ವಬಲದಿಂದಲೇ ನುಂಗಿಕೊಳ್ಳುತ್ತದೆ. ಆದರೆ ಗುರಿಬುಟ್ಟಿ ಗಾಳಿಯಲ್ಲಿ ಅಡ್ಡಲಾಗಿ ಬರುವ ಡಿಸ್ಕಿನ ವೇಗವನ್ನು ಮೊದಲು ಕಳೆದು, ಬಳಿಕವಷ್ಟೇ ಅದನ್ನು ಕೆಳಕ್ಕೆ ಬೀಳಿಸಬೇಕು. ಆದ್ದರಿಂದ ‘ಚೆನ್ನಾಗಿ ಹಿಡಿಯುವುದು’ ಎಂದರೆ ಸಿಕ್ಕಿದ್ದನ್ನೆಲ್ಲ ಉದಾರವಾಗಿ ಒಳಗೆ ಹಾಕಿಕೊಳ್ಳುವುದಲ್ಲ, ಒಂದೇ ಬಗೆಯ ಎಸೆತಕ್ಕೆ ಪ್ರತಿ ಸಲವೂ ಒಂದೇ ಫಲ ಕೊಡುವುದು ಎಂಬ ನಿಲುವನ್ನು ಈ ಲೇಖನ ಮುಂದಿಡುತ್ತದೆ.

ಅಮೆರಿಕದ ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಈ ಆಟದ ಮೊದಲ ಶಾಶ್ವತ ಅಂಗಳವನ್ನು ರೂಪಿಸಿದಾಗ ಬರಿಯ ಕಂಬಗಳೇ ಗುರಿಗಳಾಗಿದ್ದವು. ಡಿಸ್ಕ್ ಕಂಬವನ್ನು ತಾಗಿತೇ ಇಲ್ಲವೇ ಎಂಬ ವಾದಕ್ಕೆ ಎಡೆಯಿದ್ದ ಆ ಏರ್ಪಾಟಿಗೆ ಪರಿಹಾರವಾಗಿ ಬಂದ ಸರಪಳಿಯ ಬುಟ್ಟಿಗೆ 1977ರಲ್ಲಿ ಪೇಟೆಂಟ್ ದೊರೆಯಿತು. 1983ರಲ್ಲಿ ಡೇವ್ ಡನಿಪೇಸ್ ಅಂಚನ್ನು ಓರೆಯಾಗಿ ಚೂಪುಗೊಳಿಸಿದ ಡಿಸ್ಕನ್ನು ರೂಪಿಸಿದ ಮೇಲೆ ಎಸೆತದ ವೇಗ ಹೆಚ್ಚಿತು, ಗಾಳಿಯನ್ನು ಸೀಳುವ ಅಂಚು ಸರಪಳಿಗಳ ನಡುವೆಯೂ ಸುಲಭವಾಗಿ ತೂರತೊಡಗಿತು. ಮುಂದಿನ ಮಾದರಿಗಳಲ್ಲಿ ಹೊರಸಾಲಿನ ಜೊತೆಗೆ ಒಳಸಾಲಿನ ಸರಪಳಿಗಳು ಕಾಣಿಸಿಕೊಂಡುದರ ಹಿನ್ನೆಲೆಯಲ್ಲಿ ಈ ಬದಲಾವಣೆಯನ್ನು ಗಮನಿಸಬೇಕು.

ಸಮಸ್ಯೆಯ ತಿರುಳು ಸರಳ ಲೆಕ್ಕದಲ್ಲೇ ಗೋಚರಿಸುತ್ತದೆ. 175 ಗ್ರಾಂ ತೂಕದ ಡಿಸ್ಕ್ ಸೆಕೆಂಡಿಗೆ 10 ಮೀಟರು ವೇಗದಲ್ಲಿ ಬಂದರೆ ಅದರ ಚಲನಶಕ್ತಿ 8.75 ಜೂಲ್. ಇದನ್ನು 20 ಸೆಂಟಿಮೀಟರು ದೂರದುದ್ದಕ್ಕೂ ಸಮನಾಗಿ ತಡೆದರೆ ಬೇಕಾಗುವ ಬಲ ಸುಮಾರು 44 ನ್ಯೂಟನ್. ಅದೇ ಡಿಸ್ಕ್ ಕಂಬಕ್ಕೆ ನೇರ ಬಡಿದು ಒಂದೇ ಸೆಂಟಿಮೀಟರಿನಲ್ಲಿ ನಿಲ್ಲಬೇಕಾದರೆ ಬಲ 20 ಪಟ್ಟಾಗುತ್ತದೆ, ಪ್ಲಾಸ್ಟಿಕ್ಕು ಬಾಗಿ ಡಿಸ್ಕ್ ಹಿಂದಕ್ಕೆ ಚಿಮ್ಮುತ್ತದೆ. ಕ್ರಿಕೆಟ್ಟಿನಲ್ಲಿ ಕ್ಯಾಚ್ ಹಿಡಿಯುವವರು ಚೆಂಡಿನೊಡನೆ ಕೈಯನ್ನೂ ಹಿಂದೆಳೆದುಕೊಳ್ಳುವುದು ಇದೇ ಕಾರಣಕ್ಕೆ. ಸರಪಳಿಯ ಕೆಲಸವೂ ಹಾಗೆ ಹಿಂದೆ ಸರಿಯುತ್ತ ತಡೆಯುವುದು. 4 ಮಿಲಿಮೀಟರು ದಪ್ಪದ, ಗಿಡ್ಡ ಕೊಂಡಿಗಳ ಸರಪಳಿ ಮೀಟರಿಗೆ ಸುಮಾರು 300 ಗ್ರಾಂ ತೂಗುವುದರಿಂದ 60 ಸೆಂಟಿಮೀಟರಿನ ಒಂದೆಳೆ ಹೆಚ್ಚುಕಡಿಮೆ ಒಂದು ಡಿಸ್ಕಿನಷ್ಟೇ ಭಾರವಿರುತ್ತದೆ. ಆದರೆ ಬಡಿತದ ಕ್ಷಣದಲ್ಲಿ ಇಡೀ ಎಳೆ ಒಮ್ಮೆಗೇ ಕದಲುವುದಿಲ್ಲ. ತಾಗಿದ ಕೊಂಡಿಯ ಆಸುಪಾಸು ಮಾತ್ರ ಮೊದಲು ಸರಿಯುತ್ತದೆ. ಒಂದೇ ಎಳೆಗೆ ಅಂಚಿನಲ್ಲಿ ತಾಗಿದ ಡಿಸ್ಕ್ ಆ ಎಳೆಯನ್ನು ಪಕ್ಕಕ್ಕೆ ತಳ್ಳಿ ಹಿಂಬದಿಯಿಂದ ಹೊರಬೀಳುವುದು ಈ ಕಾರಣದಿಂದಲೇ. ಹಾಗೆಂದು ಎಲ್ಲ ಸರಪಳಿಗಳನ್ನೂ ಭಾರವಾಗಿಸಿದರೆ ಅವು ಗೋಡೆಯಂತಾಗಿ ಡಿಸ್ಕನ್ನು ಹಿಂದಕ್ಕೆ ಅಟ್ಟುತ್ತವೆ. ಹಗುರವಾದ ಹೊರಸಾಲು ವೇಗವನ್ನು ಮುರಿದು, ಅದಕ್ಕಿಂತ ಭಾರವಾದ ಒಳಸಾಲು ಉಳಿದುದನ್ನು ಹೀರಿಕೊಳ್ಳುವ ಎರಡು ಹಂತದ ಏರ್ಪಾಟೇ ಹೆಚ್ಚು ಯುಕ್ತವೆನಿಸುತ್ತದೆ.

ಎಳೆಗಳ ಎಣಿಕೆಯೂ ಮುಖ್ಯವೇ. 55 ಸೆಂಟಿಮೀಟರು ವ್ಯಾಸದ ಬಳೆಯಿಂದ 12 ಎಳೆಗಳನ್ನು ಇಳಿಬಿಟ್ಟರೆ ಮೇಲ್ಭಾಗದಲ್ಲಿ ಎಳೆಗಳ ನಡುವಣ ಅಂತರ ಸುಮಾರು 14.4 ಸೆಂಟಿಮೀಟರು, 18 ಆದರೆ 9.6. ಡಿಸ್ಕಿನ ವ್ಯಾಸ 21 ಸೆಂಟಿಮೀಟರಿನಷ್ಟಿರುವುದರಿಂದ ಎರಡನೆಯ ಜೋಡಣೆಯಲ್ಲಿ ಬಳೆಯ ನಡುಭಾಗಕ್ಕೆ ಬಂದ ಡಿಸ್ಕ್ ಕನಿಷ್ಠ ಎರಡು ಎಳೆಗಳಿಗೆ ತಾಗಿಯೇ ತೀರುತ್ತದೆ.

ಇಷ್ಟಾದರೂ ಉಳಿಯುವ ತೊಡಕು ಡಿಸ್ಕಿನ ಸುತ್ತು. ಬುಗುರಿ ಆಡಿದವರಿಗೆ ತಿಳಿದಿರುವಂತೆ, ತಿರುಗುವ ವಸ್ತುವಿಗೆ ಏನಾದರೂ ತಾಗಿದರೆ ಅದು ಬಂದ ದಾರಿಯಲ್ಲೇ ಹಿಂದಿರುಗುವುದಿಲ್ಲ, ಪಕ್ಕಕ್ಕೆ ಜಿಗಿಯುತ್ತದೆ. ಬಲಗೈಯವರು ಹಿಂಗೈಯಿಂದ ಎಸೆದ ಡಿಸ್ಕ್ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗುತ್ತಿರುತ್ತದೆ. ಅದರ ಮುಂದಂಚು ಎಸೆದವರ ಬಲಕ್ಕೆ ಸರಿಯುತ್ತಿರುವುದರಿಂದ ಸರಪಳಿಯ ಘರ್ಷಣೆ ಡಿಸ್ಕನ್ನು ಎಡಕ್ಕೆ ನೂಕುತ್ತದೆ. ಕಂಬದ ಬಲಮಗ್ಗುಲಿಗೆ ತಾಗಿದರೆ ಈ ನೂಕು ಕಂಬದತ್ತ ಎಳೆಯುತ್ತದೆ, ಎಡಮಗ್ಗುಲಿಗೆ ತಾಗಿದರೆ ಹೊರಕ್ಕೆ ಎಸೆಯುತ್ತದೆ. ಎಡಗೈಯವರ ಹಿಂಗೈ ಎಸೆತಕ್ಕೆ ಇದು ತಿರುವುಮುರುವು. ಆದ್ದರಿಂದ ಒಂದು ಮಗ್ಗುಲನ್ನು ಮಾತ್ರ ಬಲಪಡಿಸುವ ಯಾವ ಉಪಾಯವೂ ಒಬ್ಬರಿಗೆ ನ್ಯಾಯ, ಇನ್ನೊಬ್ಬರಿಗೆ ಅನ್ಯಾಯವಾಗುತ್ತದೆ. ಕಂಬಕ್ಕೆ ರಬ್ಬರಿನ ಹೊದಿಕೆ ಕೊಟ್ಟರೆ ಚಿಮ್ಮುವಿಕೆ ತಗ್ಗುತ್ತದೆಯಾದರೂ ಘರ್ಷಣೆ ಹೆಚ್ಚಿ ಈ ಪಕ್ಕದ ನೂಕು ಬಲಿಯಬಹುದು. ಒಂದರ ಪರಿಹಾರ ಮತ್ತೊಂದರ ಹುಟ್ಟಾಗುವ ಇಂಥ ಸೂಕ್ಷ್ಮವನ್ನು ಬಿಟ್ಟು ವಿನ್ಯಾಸವನ್ನು ಹೊಗಳುವುದು ತರವಲ್ಲ.

ಹೋಲಿಕೆಗೆ ಪ್ರಯೋಗವೇ ಆಧಾರವಾಗಬೇಕು. ಯಂತ್ರದಿಂದ ಎಸೆದ ಡಿಸ್ಕುಗಳನ್ನು ಸರಪಳಿಯ ಮುಖದ ಮೇಲೆ 5 ಸೆಂಟಿಮೀಟರಿಗೊಂದರಂತೆ ಗುರುತಿಸಿದ ಬಿಂದುಗಳಿಗೆ, ಎರಡೂ ದಿಕ್ಕಿನ ಸುತ್ತಿನಲ್ಲಿ ಬಡಿಸಿ ಫಲವನ್ನು ದಾಖಲಿಸಬೇಕು. ನೂರು ಎಸೆತಗಳಲ್ಲಿ 90 ಹಿಡಿದ ಬುಟ್ಟಿಯ ಅಳತೆಯಲ್ಲಿ ಶೇ. 3ರಷ್ಟು ಪ್ರಮಾಣಿತ ದೋಷ ಉಳಿದೇ ಇರುತ್ತದೆ, ಶೇ. 90 ಮತ್ತು ಶೇ. 95ರ ನಡುವಣ ವ್ಯತ್ಯಾಸವನ್ನು ತಕ್ಕ ಭರವಸೆಯಿಂದ ಹೇಳಲು ಪ್ರತಿ ಬುಟ್ಟಿಗೂ ನಾನೂರಕ್ಕೂ ಹೆಚ್ಚು ಎಸೆತಗಳು ಬೇಕು. ಒಂದು ಸಂಜೆ ಆಡಿ ನೋಡಿ ‘ಇದು ಚೆನ್ನಾಗಿ ಹಿಡಿಯುತ್ತದೆ’ ಎನ್ನುವ ಮಾತಿಗೆ ಬೆಲೆ ಅಷ್ಟಕ್ಕಷ್ಟೇ.

ಭಾರತೀಯ ಜೀವ ವಿಮಾ ನಿಗಮದ ವಸತಿಗಳಿಂದ ಹೆಸರು ಪಡೆದ ಜೀವನ್ ಬಿಮಾ ನಗರದಂಥ ಬೆಂಗಳೂರಿನ ಪೂರ್ವಭಾಗದ ಬಡಾವಣೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಈ ಪ್ರಶ್ನೆಗೆ ಇನ್ನೊಂದು ತೂಕ ಬರುತ್ತದೆ. ಹಿಂದೂಸ್ತಾನ್ ಏರೋನಾಟಿಕ್ಸ್ ಮತ್ತು ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯಗಳ ನೆರೆಯಲ್ಲಿರುವ ಈ ಪ್ರದೇಶಕ್ಕೆ ಹಾರುವ ವಸ್ತುವಿನ ವಿದ್ಯೆ ಹೊಸತಲ್ಲ; ಇಲ್ಲದಿರುವುದು ಜಾಗ. ಮನೆಗಳ ನಡುವಣ ಉದ್ಯಾನದಲ್ಲಿ ವೃದ್ಧರು ನಡೆಯುತ್ತಾರೆ, ಮಕ್ಕಳು ಓಡುತ್ತಾರೆ. ಅಲ್ಲಿ ಬುಟ್ಟಿಯಿಂದ ಚಿಮ್ಮಿದ ಡಿಸ್ಕ್ ಕಳೆದುಕೊಂಡ ಒಂದು ಎಸೆತ ಮಾತ್ರವಲ್ಲ, ಮತ್ತೊಬ್ಬರ ಮೊಣಕಾಲಿಗೆ ಬಡಿಯಬಲ್ಲ ಚೂಪಂಚಿನ ವಸ್ತು. ಅಂಥಲ್ಲಿ ಗುರಿಬುಟ್ಟಿ ನಿಲ್ಲಿಸುವವರು ಹಗುರ ಹೊರಸಾಲು, ಆಳವಾದ ಬುಟ್ಟಿ ಮತ್ತು ಬೆನ್ನಿಗೆ ದಟ್ಟ ಪೊದೆ ಈ ಮೂರನ್ನೂ ಒಂದೇ ವಿನ್ಯಾಸದ ಅಂಗಗಳೆಂದು ಕಾಣುವುದು ಒಳ್ಳೆಯದು. ಸೆಪ್ಟೆಂಬರ್, ಅಕ್ಟೋಬರಿನ ಮಳೆಗೆ ನೆನೆದ ಸರಪಳಿಯಲ್ಲಿ ಘರ್ಷಣೆ ಬದಲಾಗುವುದರಿಂದ ಪರೀಕ್ಷೆಯನ್ನು ಒಣ ದಿನಗಳಲ್ಲಷ್ಟೇ ಮುಗಿಸದೆ ಒದ್ದೆ ಸರಪಳಿಯ ಮೇಲೂ ನಡೆಸಬೇಕು, ಮತ್ತು ಕೊಂಡಿಗಳಿಗೆ ಸತುವಿನ ಲೇಪ ಕೊಟ್ಟಿರಬೇಕು. ತುಕ್ಕು ಹಿಡಿದು ಸೆಟೆದ ಸರಪಳಿ ಬಳುಕುವುದನ್ನು ಮರೆಯುತ್ತದೆ, ಬಳುಕದ ಸರಪಳಿ ಡಿಸ್ಕನ್ನು ಹಿಡಿಯುವುದಿಲ್ಲ.