ಕೊಳಗ ಯಾರ ಕೈಯಲ್ಲಿತ್ತು?

1951ರಲ್ಲಿ ಸಾಗರ ತಾಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಜಗಳದ ಮೂಲದಲ್ಲಿದ್ದದ್ದು ಒಂದು ಕೊಳಗ. ಗೇಣಿ ಭತ್ತವನ್ನು ಯಾವ ಅಳತೆಯಲ್ಲಿ ಅಳೆಯಬೇಕು ಎಂಬುದೇ ಪ್ರಶ್ನೆ. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದ ಮೇಲೆ ಅದು ದೇಶದ ಸುದ್ದಿಯಾಯಿತು. ಆದರೆ ಅಳತೆ ಯಾರ ಕೈಯಲ್ಲಿರಬೇಕು ಎಂಬುದು ಇತ್ಯರ್ಥವಾಗಲು ಇನ್ನೂ ಎರಡು ದಶಕ ಬೇಕಾಯಿತು.

ಕಾನೂನು ಇರಲಿಲ್ಲವೆಂದಲ್ಲ. 1961ರಲ್ಲೇ ಮೈಸೂರು ಭೂಸುಧಾರಣಾ ಕಾಯ್ದೆ ರೂಪುಗೊಂಡು 1965ರಲ್ಲಿ ಜಾರಿಗೆ ಬಂತು. ಆದರೆ ಅದು ಸ್ವಂತ ಸಾಗುವಳಿಯ ಹೆಸರಿನಲ್ಲಿ ಭೂಮಿಯನ್ನು ಹಿಂಪಡೆಯುವ ದಾರಿಯನ್ನು ಒಡೆಯರಿಗೆ ಬಿಟ್ಟುಕೊಟ್ಟಿತ್ತು. ಬಾಯಿಮಾತಿನ ಗೇಣಿಯಲ್ಲಿ ಬದುಕಿದವರ ಬಳಿ ತೋರಿಸಲು ಚೀಟಿಯೂ ಇರಲಿಲ್ಲ. ಅಂದಿನ ರಾಜಕಾರಣದಲ್ಲಿ ಭೂಮಿಯುಳ್ಳವರ ಮಾತೇ ನಡೆಯುತ್ತಿತ್ತು. ಕಾಯ್ದೆಯೂ ಹಾಗೆಯೇ ಇತ್ತು.

1972ರಲ್ಲಿ ಮುಖ್ಯಮಂತ್ರಿಯಾದ ದೇವರಾಜ ಅರಸು ಸಂಖ್ಯಾಬಲವಿಲ್ಲದ ಸಮುದಾಯದಿಂದ ಬಂದವರು. ಪ್ರಬಲ ಜಾತಿಗಳ ನಾಯಕತ್ವವನ್ನು ಎದುರಿಸಿ ನಿಲ್ಲಲು ಅವರಿಗೆ ಹಿಂದುಳಿದವರ, ದಲಿತರ ಬೆಂಬಲ ಅನಿವಾರ್ಯವಾಗಿತ್ತು. ಹಾವನೂರು ಆಯೋಗದ ನೇಮಕವನ್ನೂ ಭೂಸುಧಾರಣೆಯನ್ನೂ ಈ ಹಿನ್ನೆಲೆಯಲ್ಲೇ ನೋಡಬೇಕು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಗೇಣಿ ಭೂಮಿಯೆಲ್ಲ ಸರ್ಕಾರದ್ದಾಯಿತು. ಗೇಣಿದಾರ ಅರ್ಜಿ ಹಾಕಿ ಹಕ್ಕು ಪಡೆಯಬಹುದಾಯಿತು.

ನಿಜವಾದ ಬದಲಾವಣೆ ಆದದ್ದು ತೀರ್ಪು ಕೊಡುವ ಜಾಗದಲ್ಲಿ. ಭೂ ನ್ಯಾಯಮಂಡಳಿಯಲ್ಲಿ ಉಪವಿಭಾಗಾಧಿಕಾರಿಯ ಜೊತೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ಅವರಲ್ಲೊಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಆರಂಭದಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಊರಿನ ಸಾಕ್ಷಿಗೆ ಕಾಗದದಷ್ಟೇ ಬೆಲೆ ಬಂತು. 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಆಡಳಿತ ಪಕ್ಷದವರೇ ಮಂಡಳಿಗಳಲ್ಲಿ ತುಂಬಿಕೊಂಡರೆಂಬ ಆಕ್ಷೇಪದಲ್ಲಿ ಹುರುಳಿತ್ತು. ಆದರೆ ಅಲ್ಲಿಯವರೆಗಿನ ವ್ಯವಸ್ಥೆಯೂ ಪಕ್ಷಪಾತವಿಲ್ಲದ್ದಾಗಿರಲಿಲ್ಲ.

ಫಲ ಎಲ್ಲೆಡೆ ಒಂದೇ ಆಗಿರಲಿಲ್ಲ. ಗೇಣಿ ಹೆಚ್ಚಿದ್ದ ಕರಾವಳಿ, ಮಲೆನಾಡುಗಳಲ್ಲಿ ಅದು ಬದುಕನ್ನೇ ಬದಲಿಸಿತು. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವರಿಗೆ, ಅವರಲ್ಲಿ ಬಹುಪಾಲು ದಲಿತರಿಗೆ, ಸಿಕ್ಕಿದ್ದು ಕಡಿಮೆ. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯಲ್ಲಿ ನಾಟಿ ಮಾಡುವವಳು ಇರಲೇ ಇಲ್ಲ.

ಇದೇ ಕಾಯ್ದೆಗೆ 2020ರಲ್ಲಿ ಮತ್ತೊಂದು ತಿದ್ದುಪಡಿ ಬಂದು, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ತಡೆ ಹೋಯಿತು. ಕಾಯ್ದೆಯ ಹೆಸರಿನಲ್ಲಿ ‘ಸುಧಾರಣೆ’ ಎಂಬ ಪದ ಹಾಗೆಯೇ ಉಳಿದಿದೆ. ಅದು ಯಾರ ಸುಧಾರಣೆ ಎಂಬುದನ್ನು ತಿಳಿಯಲು ಕಾಗೋಡಿನವರ ಪ್ರಶ್ನೆಯನ್ನೇ ಮತ್ತೆ ಕೇಳಬೇಕು: ಕೊಳಗ ಈಗ ಯಾರ ಕೈಯಲ್ಲಿದೆ?